ಬೂಟ್ ಪಾಲಿಶ್ ಜಡೆ

“ಈ ಕಡೆ ಸ್ವಲ್ಪ ಉದ್ದ ಉಂಟು,” ಎಂದಳು ವಿನೋದಿನಿ.

“ಹಾಗಾದ್ರೆ ಈ ಕಡೆ ಕತ್ತರಿಸು,” ಎಂದಳು ಸುಮಿತ್ರಾ.

ಕಚಕ್.

“ಈಗ ಆ ಕಡೆ ಉದ್ದ ಉಂಟು ಮಾರಾಯ್ತಿ.”

“ಹಾಗಾದ್ರೆ ಆ ಕಡೆ.”

ಕಚಕ್.

ಬೇಸಿಗೆ ರಜೆಯ ಮಧ್ಯಾಹ್ನ. ಮುಂಬಯಿಯ ವಡಾಲದ ಒಂದು ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಸುಮಿತ್ರಾಳ ಮನೆ. ಅವಳ ಅಮ್ಮ ಮಾಟುಂಗಾ ಮಾರ್ಕೆಟ್ಟಿಗೆ ಹೋಗಿದ್ದರು. ಅಪ್ಪ ಫೋರ್ಟಿನ ಆಫೀಸಿನಲ್ಲಿದ್ದರು. ಸುಮಿತ್ರಾ ಸ್ಟೂಲಿನ ಮೇಲೆ ಕೂತಿದ್ದಳು. ಎದುರುಮನೆಯ ವಿನೋದಿನಿ ಕತ್ತರಿ ಹಿಡಿದು ಅವಳನ್ನು ಸುತ್ತುತ್ತಿದ್ದಳು. ಅದು ವಿನೋದಿನಿಯ ಅಪ್ಪನ ಉಡುಪಿ ಹೋಟೆಲಿನಲ್ಲಿ ಪೊಟ್ಟಣದ ಕಾಗದ ಕತ್ತರಿಸುವ ಕತ್ತರಿ. ಕಾಗದವನ್ನು ಬಲು ನೀಟಾಗಿ ಕತ್ತರಿಸುತ್ತಿತ್ತು.

ಸುಮಿತ್ರಾ ಕೇಳಿದ್ದು ಇಷ್ಟೇ: ಪೌಡರ್ ಡಬ್ಬಿಯ ಮೇಲಿನ ಹುಡುಗಿಗೆ ಇದೆಯಲ್ಲ, ಹಣೆಯ ಮೇಲೆ ಪುಟ್ಟ ಗುಂಗುರು, ಹಾಗೆ ಒಂದೇ ಒಂದು. ಆದರೆ ಆ ಒಂದು ಎಡಕ್ಕೆ ವಾಲಿತು. ಅದನ್ನು ಸರಿಮಾಡಲು ಬಲಕ್ಕೊಂದು ಬೇಕಾಯಿತು. ಮುಂದೆ ಮೋಟು, ಹಿಂದೆ ಉದ್ದ ಆದಾಗ ವಿನೋದಿನಿ ಗಲ್ಲಕ್ಕೆ ಕೈಯಿಟ್ಟು ನೋಡಿ, “ಇದು ಚೆಂದ ಆಗುದಿಲ್ಲ. ಹಿಂದೆಯೂ ತೆಗೆಯುವ. ಪಾರ್ಸಿ ಕಾಲೊನಿಯ ಹುಡುಗಿಯರ ಹಾಗೆ ಬಾಬ್ ಮಾಡುವ,” ಎಂದಳು.

ಬಾಬ್ ಅಂದಾಗ ಸುಮಿತ್ರಾಗೆ ಆಸೆಯಾಯಿತು. ಜಡೆ ಬಿಚ್ಚಿಬಿಟ್ಟಳು. ಅಲ್ಲಿಗೆ ಮುಗಿಯಿತು ನೋಡಿ ಕತೆ. ಎಡಭಾಗ ಭುಜಕ್ಕೆ ಬಂತು, ಬಲಭಾಗ ಕಿವಿಗೆ ಬಂತು. ಎಡಭಾಗವನ್ನು ಕಿವಿಗೆ ತಂದಾಗ ಬಲಭಾಗ ಇನ್ನೂ ಮೇಲೆ ಹೋಗಿತ್ತು. ಕೊನೆಗೆ ಸುಮಿತ್ರಾ ಕೈಕನ್ನಡಿ ಎತ್ತಿ ನೋಡಿಕೊಂಡಳು. ಸವೆದುಹೋದ ಬಾಟಲಿ ತೊಳೆಯುವ ಬ್ರಷ್ಷೊಂದು ಅವಳನ್ನೇ ನೋಡುತ್ತಿತ್ತು.

“ಬಾಬ್ ಹೀಗಿರತ್ತಾ?” ಎಂದಳು, ಅಳು ನುಂಗಿಕೊಂಡು.

“ನಾಳೆ ಸರಿ ಕೂರ್ತದೆ,” ಎಂದಳು ವಿನೋದಿನಿ. ಅವಳ ಮುಖ ಮಾತ್ರ ಹಾಗೆ ಹೇಳುತ್ತಿರಲಿಲ್ಲ.

ನೆಲದ ತುಂಬ ಕೂದಲು. ಅದನ್ನೆಲ್ಲ ಬಾಚಿ ಪೇಪರಿನಲ್ಲಿ ಕಟ್ಟುತ್ತಿರುವಾಗ ಕೆಳಗಿನಿಂದ ಕೂಗು ಕೇಳಿಸಿತು. “ಕೂದ್ಲಕ್ಕ ಪಿನ್ನಽ! ಕೂದ್ಲಕ್ಕ ರಿಬ್ಬನ್ನಽ!”

ಅದು ಚನ್ನವ್ವ. ಬಿಲ್ಡಿಂಗಿನ ಹೆಂಗಸರು ಬಾಚಿದಾಗ ಉದುರಿದ ಕೂದಲನ್ನು ಉಂಡೆ ಸುತ್ತಿ ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಚನ್ನವ್ವ ಅದನ್ನು ತೆಗೆದುಕೊಂಡು ಬದಲಿಗೆ ಪಿನ್ನು, ಸೂಜಿ, ರಿಬ್ಬನ್ನು ಕೊಡುತ್ತಿದ್ದಳು. ವಿನೋದಿನಿಗೆ ತಕ್ಷಣ ಉಪಾಯ ಹೊಳೆಯಿತು. ಸಾಕ್ಷಿಯೇ ಇಲ್ಲದಿದ್ದರೆ ತಪ್ಪು ಎಲ್ಲಿಂದ ಬರುತ್ತದೆ? ಸುಮಿತ್ರಾ ತಲೆಗೆ ಟವೆಲ್ ಸುತ್ತಿಕೊಂಡಳು. ಇಬ್ಬರೂ ದಡದಡ ಮೆಟ್ಟಿಲಿಳಿದರು.

ಚನ್ನವ್ವ ಪೊಟ್ಟಣ ಬಿಚ್ಚಿ ಕಣ್ಣರಳಿಸಿದಳು. “ಅಯ್ಯಽ, ಇಷ್ಟ್ ಕೂದ್ಲ ಯಾರ್ದವ್ವಾ?”

“ಇವಳ ಅಜ್ಜಿದು,” ಎಂದುಬಿಟ್ಟಳು ವಿನೋದಿನಿ.

“ಅಜ್ಜೀದಾ? ಒಂದ್ ಎಳಿನೂ ಬೆಳ್ಳಗಿಲ್ಲ! ಪುಣ್ಯಾತ್ಗಿತ್ತಿ ಅದಾಳ ನಿಮ್ಮಜ್ಜಿ,” ಎಂದು ಚನ್ನವ್ವ ಒಂದು ಕಾರ್ಡ್ ತುಂಬ ಹೇರ್‌ಪಿನ್ನು, ಜೊತೆಗೆ ಎರಡು ಕೆಂಪು ರಿಬ್ಬನ್ನು ಕೊಟ್ಟಳು. ಹುಡುಗಿಯರು ಹಿಗ್ಗಿದರು. ಮೆಟ್ಟಿಲು ಹತ್ತುವಾಗ ಸುಮಿತ್ರಾಗೆ ಒಂದು ಸಂಗತಿ ಹೊಳೆಯಿತು. ಆ ರಿಬ್ಬನ್ನನ್ನು ಈಗ ಕಟ್ಟುವುದು ಎಲ್ಲಿಗೆ?

ಅಮ್ಮ ಮಾರ್ಕೆಟ್ಟಿನಿಂದ ಬಂದರು. ಟವೆಲ್ ತೆಗೆಸಿದರು. ಹೊಡೆಯಲಿಲ್ಲ, ಬೈಯಲಿಲ್ಲ, ತರಕಾರಿ ಚೀಲದ ಪಕ್ಕದಲ್ಲೇ ನೆಲದ ಮೇಲೆ ಕುಸಿದು ಕೂತುಬಿಟ್ಟರು. ಸುಮಿತ್ರಾಗೆ ಅದು ಹೊಡೆತಕ್ಕಿಂತ ಹೆಚ್ಚು ಭಯವಾಯಿತು.

“ನಾಳೆ ಬೆಳಿಗ್ಗೆ ನಿಮ್ಮಜ್ಜಿ ಬರ್ತಾರೆ,” ಎಂದರು ಅಮ್ಮ ಸಣ್ಣ ದನಿಯಲ್ಲಿ.

ಅಜ್ಜಿ ಅಂದರೆ ಅಪ್ಪನ ಅಮ್ಮ, ಮೈಸೂರಿನ ಸುಬ್ಬಲಕ್ಷ್ಮಮ್ಮ. ಮೊಣಕಾಲು ಮುಟ್ಟುವ ಕೂದಲು ಅವರದು. ಅವರ ತುರುಬನ್ನು ನೋಡಿ ಇಡೀ ಅಗ್ರಹಾರವೇ ಹೊಟ್ಟೆಕಿಚ್ಚು ಪಡುತ್ತಿತ್ತಂತೆ. ಸುಮಿತ್ರಾಳನ್ನು ಕರೆದುಕೊಂಡು ಅಪ್ಪ ಅಮ್ಮ ಮುಂಬಯಿಗೆ ಹೊರಟಾಗ ಅಜ್ಜಿ ಸ್ಟೇಷನ್ನಿನಲ್ಲಿ ಎಲ್ಲರೆದುರು ಒಂದು ಮಾತು ಹೇಳಿದ್ದರು. “ಮುಂಬಯಿ ನೀರು ತಲೆಗೆ ಆಗಲ್ಲ. ನೋಡ್ತಿರು, ಈ ಮಗು ಜಡೆ ಇಲಿಬಾಲ ಆಗತ್ತೆ.”

ಅಮ್ಮ ಅದನ್ನು ಮರೆತಿರಲಿಲ್ಲ. ಪ್ರತಿ ಭಾನುವಾರ ಸುಮಿತ್ರಾಗೆ ಎಣ್ಣೆ, ಸೀಗೆಕಾಯಿ, ದಾಸವಾಳದ ಸೊಪ್ಪು. ಊರಿಗೆ ಬರೆಯುವಾಗಲೆಲ್ಲ ‘ಜಡೆ ಭುಜ ದಾಟಿತು’, ‘ಜಡೆ ಸೊಂಟಕ್ಕೆ ಬಂತು’ ಎಂದು ಬರೆಯದೆ ಬಿಟ್ಟವರಲ್ಲ. ಈಗ ಅಜ್ಜಿ ಬರುತ್ತಿದ್ದುದೇ ಆ ಜಡೆಯನ್ನು ಕಣ್ಣಾರೆ ನೋಡಲು. ಮಲ್ಲಿಗೆ ಮೊಗ್ಗನ್ನು ಒಂದೊಂದಾಗಿ ಜಡೆಗೆ ಹೊಲಿದು, ಮೊಗ್ಗಿನ ಜಡೆ ಹಾಕಿ, ಸ್ಟುಡಿಯೋದಲ್ಲಿ ಫೋಟೋ ತೆಗೆಸಿ, ಅದನ್ನು ಮೈಸೂರಿನಲ್ಲಿ ಎಲ್ಲರಿಗೂ ತೋರಿಸಬೇಕೆಂದು ಅವರ ಆಸೆ.

“ನಾನು ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತಲೇ ಅಂದ್ಕೋತಾರೆ,” ಎಂದರು ಅಮ್ಮ. ಅವರ ಕಣ್ಣು ತುಂಬಿತ್ತು. ಅಮ್ಮ ಕೂಡ ಒಬ್ಬರಿಗೆ ಹೆದರುತ್ತಾರೆ ಎನ್ನುವುದು ಸುಮಿತ್ರಾಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅವಳಿಗೆ ತುಂಬ ಕೆಟ್ಟದೆನಿಸಿತು.

ಸಂಜೆ ಅಪ್ಪ ಬಂದರು. ಅಪ್ಪ ಅಂದರೆ ಕೇಶವಮೂರ್ತಿ. ಅವರ ನೆತ್ತಿ ಬೋಳು. ಎಡಗಿವಿಯ ಮೇಲಿನ ಕೂದಲನ್ನು ಉದ್ದ ಬೆಳೆಸಿ, ನೆತ್ತಿಯ ಮೇಲಿಂದ ಬಲಗಿವಿಗೆ ಸೇತುವೆ ಕಟ್ಟಿದ ಹಾಗೆ ಬಾಚುತ್ತಿದ್ದರು. ಲೋಕಲ್ ಟ್ರೇನಿನ ಬಾಗಿಲಲ್ಲಿ ನಿಂತರೆ ಆ ಸೇತುವೆ ಎದ್ದು ನಿಲ್ಲುತ್ತಿತ್ತು.

“ಕೂದಲು ತಾನೇ? ಬೆಳೆಯತ್ತೆ ಬಿಡು,” ಎಂದರು ಅಪ್ಪ.

“ನಿಮ್ಮದು ಬೆಳೀತಾ?” ಎಂದರು ಅಮ್ಮ.

ಅಪ್ಪ ಪೇಪರ್ ತೆರೆದು ಅದರ ಹಿಂದೆ ಮರೆಯಾದರು.

ಆಗ ವಿನೋದಿನಿಯ ಅಮ್ಮ ಶೀಲಾವತಿ ಬಂದರು. ಒಂದು ಕೈಯಲ್ಲಿ ಮಗಳ ಕಿವಿ, ಇನ್ನೊಂದು ಕೈಯಲ್ಲಿ ಕಾಗದದ ಪೊಟ್ಟಣ. “ಹೆದರಬೇಡಿ ಮಾರಾಯ್ರೆ. ನನ್ನ ಮದುವೆಯ ಚೌರಿ ಉಂಟು. ಇವಳು ಕತ್ತರಿಸಿದ್ದನ್ನು ನಾವು ಅಂಟಿಸುವ!”

ಚೌರಿ ಅಂದರೆ ಮೋಟು ಜಡೆಯನ್ನು ಉದ್ದ ಮಾಡುವ ಕೂದಲಿನ ಕುಚ್ಚು. ಶೀಲಾವತಿಯ ಚೌರಿ ಉದ್ದವೇನೋ ಇತ್ತು. ಆದರೆ ಪೆಟ್ಟಿಗೆಯಲ್ಲಿ ಬಿದ್ದು ಬಿದ್ದು ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತ್ತು. ಸುಮಿತ್ರಾಳ ತಲೆ ಕಪ್ಪು, ಜಡೆ ಕೆಂಚು. ಅಮ್ಮ ಮತ್ತೆ ಕುಸಿದು ಕೂರುವುದರಲ್ಲಿದ್ದರು.

“ಕಪ್ಪು ಬಣ್ಣ ಬೇಕು, ಅಷ್ಟೇ ಅಲ್ವಾ?” ಎಂದು ಪೇಪರಿನ ಹಿಂದಿನಿಂದ ಅಪ್ಪನ ದನಿ ಬಂತು. ಅವರು ಎದ್ದು ಹೋಗಿ ಬೂಟ್ ಪಾಲಿಶ್ ಡಬ್ಬಿ ತಂದರು.

ಆ ರಾತ್ರಿ ಊಟದ ಹೊತ್ತಿಗೆ ಮುಂಬಯಿಯಲ್ಲೇ ಎಲ್ಲಕ್ಕಿಂತ ಹೆಚ್ಚು ಮಿರುಗುವ ಜಡೆ ತಯಾರಾಗಿತ್ತು.

ಬೆಳಿಗ್ಗೆ ಅಪ್ಪ ದಾದರ್ ಸ್ಟೇಷನ್ನಿಗೆ ಹೋದರು. ಇತ್ತ ಶೀಲಾವತಿ ಸುಮಿತ್ರಾಳ ಮೋಟು ಕೂದಲಿಗೆ ಹರಳೆಣ್ಣೆ ಮೆತ್ತಿ, ಹಿಂದಕ್ಕೆ ಎಳೆದು, ಕಪ್ಪು ದಾರದಿಂದ ಬಿಗಿದು ಒಂದು ಗುಬ್ಬಿ ಗಾತ್ರದ ಗಂಟು ಮಾಡಿದರು. ಆ ಗಂಟಿಗೆ ಚೌರಿ ಕಟ್ಟಿ, ಚನ್ನವ್ವನ ಪಿನ್ನುಗಳನ್ನು ಒಂದರ ಮೇಲೊಂದು ಚುಚ್ಚಿದರು. ಕಾರ್ಡಿನಲ್ಲಿ ಒಂದೇ ಒಂದು ಪಿನ್ನು ಉಳಿಯಿತು. ಸುಮಿತ್ರಾಳ ಹುಬ್ಬು ಮೇಲಕ್ಕೆ ಎಳೆದುಕೊಂಡು, ಅವಳು ಯಾವಾಗಲೂ ಆಶ್ಚರ್ಯಪಡುತ್ತಿರುವವಳಂತೆ ಕಾಣುತ್ತಿದ್ದಳು.

“ಕುತ್ತಿಗೆ ತಿರುಗಿಸಬೇಡ. ಓಡಬೇಡ. ಅಜ್ಜಿಗೆ ಬೆನ್ನು ತೋರಿಸಬೇಡ,” ಎಂದು ಅಮ್ಮ ಹೇಳಿದರು.

ಬೆನ್ನು ತೋರಿಸದೆ ಒಂದು ದಿನ ಕಳೆಯುವುದು ಎಷ್ಟು ಕಷ್ಟ ಎಂದು ಬೇಕಾದರೆ ನೀವೂ ಮಾಡಿ ನೋಡಿ. ಅಜ್ಜಿ ಬಂದು “ಎಲ್ಲಿ ನನ್ನ ಬಂಗಾರ!” ಎಂದು ತಬ್ಬಿಕೊಳ್ಳಲು ಬಂದಾಗ ಸುಮಿತ್ರಾ ಗೋಡೆಗೆ ಅಂಟಿಕೊಂಡಳು. ನೀರು ತಂದುಕೊಟ್ಟು ಹಿಂದುಹಿಂದಕ್ಕೆ ನಡೆದು ಅಡಿಗೆಮನೆಗೆ ಹೋದಳು. ದಾರಿಯಲ್ಲಿ ನೀರಿನ ಕೊಡಕ್ಕೆ ಡಿಕ್ಕಿ ಹೊಡೆದಳು.

“ಈ ಮಗು ಯಾಕೆ ಏಡಿ ಥರ ನಡೆಯತ್ತೆ?” ಎಂದರು ಅಜ್ಜಿ.

“ಸ್ಕೂಲಲ್ಲಿ ಡ್ರಿಲ್ ಹೇಳ್ಕೊಟ್ಟಿದ್ದಾರೆ ಅಮ್ಮ,” ಎಂದರು ಅಪ್ಪ.

“ನಾಳೆ ಬೆಳಿಗ್ಗೆ ನಾನೇ ಎಣ್ಣೆ ಹಚ್ಚಿ ಎರೆದುಬಿಡ್ತೀನಿ.”

“ಅಯ್ಯೋ ಬೇಡಿ ಅತ್ತೆ, ಅವಳಿಗೆ ಶೀತ!” ಎಂದು ಅಮ್ಮ ಸುಮಿತ್ರಾಳನ್ನು ದುರುದುರು ನೋಡಿದರು. ಸುಮಿತ್ರಾ ತಕ್ಷಣ ಸೀನಿದಳು. ಜೋರಾಗಿ ಸೀನುವಾಗ ಒಂದು ಪಿನ್ನು ಟಿಣ್ ಎಂದು ಹಾರಿ ಅಪ್ಪನ ಕಾಫಿ ಲೋಟದಲ್ಲಿ ಬಿತ್ತು. ಅಪ್ಪ ಏನೂ ಆಗಿಲ್ಲವೆಂಬಂತೆ ಕಾಫಿ ಕುಡಿದು, ತಳದಲ್ಲಿದ್ದ ಪಿನ್ನನ್ನು ಜೇಬಿಗೆ ಹಾಕಿಕೊಂಡರು.

ಮಧ್ಯಾಹ್ನದ ಸೆಕೆ ಏರಿತು. ಪಾಲಿಶ್ ಕರಗಲು ಶುರುವಾಯಿತು. ಸುಮಿತ್ರಾ ಬೆನ್ನು ಕೊಟ್ಟು ನಿಂತ ಕಡೆಯೆಲ್ಲ ಗೋಡೆಯ ಮೇಲೆ ಉದ್ದುದ್ದ ಕಪ್ಪು ಗೆರೆ. ಬಾಗಿಲ ಪಕ್ಕ ಒಂದು, ಕಿಟಕಿಯ ಹತ್ತಿರ ಎರಡು, ದೇವರ ಗೂಡಿನ ಕೆಳಗೊಂದು.

“ನಿಮ್ಮ ಗೋಡೆಗೆ ಏನಾಗಿದೆಯೇ? ಮತ್ತೆ ಈ ವಾಸನೆ ಏನು?” ಎಂದು ಅಜ್ಜಿ ಮೂಗೆಳೆದರು.

“ಮುಂಬಯಿ ಅಲ್ವಾ ಅತ್ತೆ,” ಎಂದರು ಅಮ್ಮ.

ಅಮ್ಮ ಈ ಗಡಿಬಿಡಿಯಲ್ಲಿದ್ದುದರಿಂದ ಒಂದು ಸಂಗತಿಯನ್ನು ಗಮನಿಸಲಿಲ್ಲ. ಅಜ್ಜಿಯೂ ಸ್ವಲ್ಪ ವಿಚಿತ್ರವಾಗಿಯೇ ಇದ್ದರು. ಅಷ್ಟು ಸೆಕೆಯಲ್ಲೂ ತಲೆಯ ಮೇಲೆ ಸೆರಗು. “ಪ್ರಯಾಣದ ಧೂಳು, ತಲೆ ಬಾಚಿಕೊಡ್ಲಾ ಅತ್ತೆ?” ಎಂದು ಅಮ್ಮ ಬಾಚಣಿಗೆ ಹಿಡಿದು ಬಂದರೆ, ಬೆಂಕಿ ಮುಟ್ಟಿದವರಂತೆ ಹಿಂದೆ ಸರಿದು, “ಬೇಡ ಬೇಡ! ನಾನೇ ಮಾಡ್ಕೋತೀನಿ,” ಎಂದರು.

“ನಿಮ್ಮ ತುರುಬು ನೋಡೋದೇ ಒಂದು ಚೆಂದ ಅತ್ತೆ,” ಎಂದರು ಅಮ್ಮ. ಹೊಗಳಲಿಕ್ಕೆಂದು ಹೊಗಳಿದ್ದಲ್ಲ, ಮನಸಾರೆ ಹೇಳಿದ್ದು. ಅಜ್ಜಿ ನಗಲು ಹೋಗಿ ಕೆಮ್ಮಿದರು.

ಮರುದಿನವೇ ಮೊಗ್ಗಿನ ಜಡೆ. ನಲ್ಲಿಯಲ್ಲಿ ನೀರು ಬರುವುದು ಬೆಳಗಿನ ಜಾವ ಮಾತ್ರ. ಅಮ್ಮ ಏಳುವ ಮೊದಲೇ ಜಡೆಯನ್ನು ಸರಿಮಾಡಿಕೊಳ್ಳೋಣವೆಂದು ಸುಮಿತ್ರಾ ಮೆಲ್ಲಗೆ ಬಚ್ಚಲುಮನೆಯ ಬಾಗಿಲು ತಳ್ಳಿದಳು. ಅದರ ಚಿಲಕ ಸಡಿಲ. ತಳ್ಳಿದರೆ ತೆರೆದುಕೊಳ್ಳುತ್ತದೆ ಎಂಬುದು ಅಜ್ಜಿಗೆ ಗೊತ್ತಿರಲಿಲ್ಲ.

ಒಳಗೆ ಅಜ್ಜಿ ಸೀರೆ ಉಟ್ಟು ನಿಂತಿದ್ದರು. ತಲೆ ಮೇಲೆ ಸೆರಗಿರಲಿಲ್ಲ. ತುರುಬೂ ಇರಲಿಲ್ಲ. ಆ ದೊಡ್ಡ ಕಪ್ಪು ತುರುಬು ಗೂಡಿನಲ್ಲಿ ಸೋಪಿನ ಪಕ್ಕ ಆರಾಮವಾಗಿ ಕೂತಿತ್ತು. ಅಜ್ಜಿಯ ತಲೆಯಲ್ಲಿ ಉಳಿದಿದ್ದು ನೆಲ್ಲಿಕಾಯಿ ಗಾತ್ರದ ಒಂದು ಬಿಳೀ ಗಂಟು.

ಸುಮಿತ್ರಾ ಬೆಚ್ಚಿ ಹಿಂದೆ ಹಾರಿದಳು. ಚಿಲಕಕ್ಕೆ ಏನೋ ಸಿಕ್ಕಿಕೊಂಡಿತು. ಅವಳು ಮುಂದೆ ಬಂದಳು, ಜಡೆ ಬರಲಿಲ್ಲ. ಅದು ಚಿಲಕಕ್ಕೆ ನೇತುಬಿದ್ದು ತೂಗಾಡುತ್ತಿತ್ತು.

ಅಜ್ಜಿ ಮೊಮ್ಮಗಳನ್ನು ನೋಡಿದರು. ಮೊಮ್ಮಗಳು ಅಜ್ಜಿಯನ್ನು ನೋಡಿದಳು. ನಲ್ಲಿ ತೊಟ್ಟಿಕ್ಕುತ್ತಿತ್ತು.

“ಟೈಫಾಯ್ಡು,” ಎಂದರು ಅಜ್ಜಿ ಕೊನೆಗೆ. “ನಿಂದು?”

“ಕತ್ತರಿ,” ಎಂದಳು ಸುಮಿತ್ರಾ.

ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡರು. ಅಳುತ್ತಿದ್ದಾರೆಂದು ಸುಮಿತ್ರಾ ಗಾಬರಿಯಾದಳು. ಆದರೆ ಅಜ್ಜಿಯ ಹೊಟ್ಟೆ ಕುಣಿಯುತ್ತಿತ್ತು, ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸುಮಿತ್ರಾಗೂ ನಗು ಉಕ್ಕಿತು. ಅವಳು ಟವೆಲ್ ಕಚ್ಚಿಕೊಂಡಳು. ಇಬ್ಬರೂ ಬಚ್ಚಲಿನಲ್ಲಿ ಕೂತು, ಸದ್ದೇ ಇಲ್ಲದೆ, ಪಕ್ಕೆ ನೋಯುವಷ್ಟು ನಕ್ಕರು.

“ಅದಕ್ಕೇ ನೀನು ಏಡಿ ಥರ ನಡೀತಿದ್ದಿದ್ದು! ಗೋಡೆ ಮೇಲಿನ ಗೆರೆ?”

“ಬೂಟ್ ಪಾಲಿಶ್ ಅಜ್ಜಿ. ಅಪ್ಪಂದು.”

ಅಜ್ಜಿ ಮತ್ತೆ ಸೆರಗು ಕಚ್ಚಿಕೊಂಡರು. ಆಮೇಲೆ ಮುಖ ಒರೆಸಿಕೊಂಡು ಮೆಲ್ಲಗೆ ಹೇಳಿದರು. “ಪುಟ್ಟಾ, ನಿಮ್ಮಮ್ಮನಿಗೆ ಹೇಳ್ಬೇಡ ಕಣೇ. ಅವಳು ಮದುವೆಯಾಗಿ ಬಂದ ದಿನದಿಂದ ನನ್ನ ತುರುಬು ನೋಡಿ ಕಣ್ಣರಳಿಸ್ತಾಳೆ. ಇದನ್ನ ನೋಡಿದ್ರೆ ‘ಅಯ್ಯೋ ಪಾಪ ಅತ್ತೆ’ ಅಂತಾಳೆ. ಅದು ನಂಗೆ ಬೇಡ.”

ಅಜ್ಜಿಯ ಮುಖ ಆಗ ಚಿಕ್ಕ ಹುಡುಗಿಯ ಮುಖದ ಹಾಗೆ ಕಂಡಿತು. ಮೊನ್ನೆ ತರಕಾರಿ ಚೀಲದ ಪಕ್ಕ ಕೂತಿದ್ದ ಅಮ್ಮನ ಮುಖವೂ ಹೀಗೇ ಇತ್ತಲ್ಲ ಎಂದು ಸುಮಿತ್ರಾಗೆ ನೆನಪಾಯಿತು.

“ಅಜ್ಜಿ, ನೀನೂ ಅಮ್ಮನಿಗೆ ಹೇಳ್ಬೇಡ. ನಿಂಗೆ ಗೊತ್ತಾಯ್ತು ಅಂತ. ಮುಂಬಯಿ ನೀರಿಗೆ ನನ್ನ ಜಡೆ ಇಲಿಬಾಲ ಆಗತ್ತೆ ಅಂತ ನೀನು ಅಂದಿದ್ದೆಯಂತೆ. ಅಮ್ಮ ಅದಕ್ಕೇ ತುಂಬಾ ಹೆದರಿದಾಳೆ.”

“ನಾನು ಹಾಗಂದಿದ್ನಾ?” ಅಜ್ಜಿಗೆ ನೆನಪೇ ಇರಲಿಲ್ಲ. ಗೂಡಿನಲ್ಲಿದ್ದ ತುರುಬನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟರು. “ನೋಡು ಮತ್ತೆ. ನಂದು ಮೈಸೂರು ನೀರಲ್ಲೇ ಉದುರಿಹೋಯ್ತು.”

“ಸುಮಿತ್ರಾ! ಬಚ್ಚಲಲ್ಲಿ ಯಾರೇ ಅದು?” ಎಂದು ಹೊರಗಿನಿಂದ ಅಮ್ಮನ ದನಿ ಬಂತು.

“ನಾನೇ ಕಣೇ, ಮಗುಗೆ ಮುಖ ತೊಳೀತಿದೀನಿ!” ಎಂದು ಅಜ್ಜಿ ಕೂಗಿದರು. ತಕ್ಷಣ ಕೆಲಸ ಶುರುವಾಯಿತು. ಪಾಲಿಶ್ ಚೌರಿಗೆ ಮೊಗ್ಗು ಹೊಲಿದರೆ ಮೊಗ್ಗೆಲ್ಲ ಕಪ್ಪಾಗುತ್ತದೆ. ಅಜ್ಜಿ ತಮ್ಮ ತುರುಬನ್ನು ಬಿಚ್ಚಿದರು. ಅದೂ ಚೌರಿಯೇ. ಅಜ್ಜಿಯ ಸ್ವಂತ ಕೂದಲಿನ ಚೌರಿ. ಹರೆಯದಲ್ಲಿ ಬಾಚಿದಾಗ ಉದುರಿದ್ದನ್ನೆಲ್ಲ ಕೂಡಿಟ್ಟು ಕಟ್ಟಿಸಿದ್ದಂತೆ, ಒಂದೆಳೆಯೂ ಬಿಳಿ ಇರಲಿಲ್ಲ. ಅದನ್ನು ಸುಮಿತ್ರಾಳ ಗಂಟಿಗೆ ದಾರ ಸುತ್ತಿ ಸುತ್ತಿ ಬಿಗಿದರು.

“ಮತ್ತೆ ನಿಂಗೆ?”

“ನಂಗೆ ಆ ಬೂಟ್ ಪಾಲಿಶ್ ಕೊಡು,” ಎಂದರು ಅಜ್ಜಿ. ಅದನ್ನು ಸುರುಳಿ ಸುತ್ತಿ ತಮ್ಮ ತಲೆಗೆ ಚುಚ್ಚಿಕೊಂಡು ಸೆರಗು ಹೊದ್ದರು.

ಬೆಳಿಗ್ಗೆ ಸುಮಿತ್ರಾ ಮೊಗ್ಗಿನ ಜಡೆಗೆ ಕೂತಳು. ಅಜ್ಜಿ ಮೊಮ್ಮಗಳ ಬೆನ್ನ ಹಿಂದೆ ಚಾಪೆ ಹಾಕಿಕೊಂಡು, ಬಾಳೆನಾರಿಗೆ ಮೊಗ್ಗು ಜೋಡಿಸಿ ಜೋಡಿಸಿ ಹೊಲಿಯುತ್ತಿದ್ದರು. ಅಮ್ಮ ಬಾಗಿಲಲ್ಲೇ ನಿಂತಿದ್ದರು. ಶೀಲಾವತಿ ಮತ್ತು ವಿನೋದಿನಿ ಅವರ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರು.

ಅಜ್ಜಿ ಜಡೆಯನ್ನು ಅಂಗೈಯಲ್ಲಿ ತೂಗಿ ನೋಡಿದರು. ಎಲ್ಲರೂ ಕಣ್ಣು ಮುಚ್ಚಿಕೊಂಡರು.

“ಎಂಥಾ ಕೂದಲೇ ನಿನ್ನ ಮಗಳದು!” ಎಂದರು ಅಜ್ಜಿ. “ನನ್ನ ಕೂದಲೇ ಬಂದುಬಿಟ್ಟಿದೆ ಇವಳಿಗೆ. ಈ ಊರಲ್ಲಿ, ಈ ನೀರಲ್ಲಿ, ಇಷ್ಟು ಚೆನ್ನಾಗಿ ಬೆಳೆಸಿದೀಯಲ್ಲ, ನೀನೇ ಜಾಣೆ.”

ಅಮ್ಮ ಅಡಿಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದರು. ಸುಮಿತ್ರಾ ಎದುರಿನ ಕನ್ನಡಿಯಲ್ಲಿ ನೋಡಿದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ನಗುತ್ತಲೂ ಇದ್ದರು.

ಸ್ಟುಡಿಯೋ ಕಿಂಗ್ಸ್ ಸರ್ಕಲ್ಲಿನ ಹತ್ತಿರ. ಫೋಟೋದವನು ಸುಮಿತ್ರಾಳನ್ನು ಸ್ಟೂಲಿನ ಮೇಲೆ ಕೂರಿಸಿದ. ಮುಂದೆ ಮುಖವೂ ಬರಬೇಕು, ಹಿಂದಿನ ಜಡೆಯೂ ಬರಬೇಕು. ಅದಕ್ಕಾಗಿ ಅವಳ ಬೆನ್ನ ಹಿಂದೆ ಒಂದು ದೊಡ್ಡ ಕನ್ನಡಿ ನಿಲ್ಲಿಸಿದ. ಅಜ್ಜಿ ಮೊಮ್ಮಗಳ ಲಂಗದ ನೆರಿಗೆ, ಹೂವು ಸರಿಮಾಡುತ್ತ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು.

ಅಮ್ಮ ಮೂಗೆಳೆದರು. ಬೂಟ್ ಪಾಲಿಶ್ ವಾಸನೆ! ಅದೂ ಅತ್ತೆ ಕೂತಿರುವ ಕಡೆಯಿಂದಲೇ! ಅಮ್ಮನ ಮುಖ ಬಿಳಿಚಿಕೊಂಡಿತು. ಅತ್ತೆಗೆ ಈಗ ಗೊತ್ತಾಗಿಯೇ ಹೋಗುತ್ತದೆ ಎಂದುಕೊಂಡು ಅವರು ಗಟ್ಟಿಯಾಗಿ, “ಇಲ್ಲಿ ಹತ್ತಿರದಲ್ಲಿ ಚಪ್ಪಲಿ ಅಂಗಡಿ ಇರಬೇಕು!” ಎಂದರು.

“ಇರಬೇಕು, ಇರಬೇಕು,” ಎಂದರು ಅಜ್ಜಿ ಸೆರಗು ಎಳೆದುಕೊಳ್ಳುತ್ತ.

ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ. “ಹಿಲ್ನಾ ಮತ್, ಬೇಬಿ! ಬಿಲ್‌ಕುಲ್ ಹಿಲ್ನಾ ಮತ್!”

ಸುಮಿತ್ರಾ ಅಲ್ಲಾಡಲಿಲ್ಲ. ಜಡೆ ಅಲ್ಲಾಡಿತು. ಒಂದು ಬುಟ್ಟಿ ಮೊಗ್ಗಿನ ಭಾರವನ್ನು ಆ ಗುಬ್ಬಿ ಗಾತ್ರದ ಗಂಟು ಎಷ್ಟು ಹೊತ್ತು ತಡೆದೀತು? ಒಂದು ಪಿನ್ನು ಜಾರಿತು. ಟಿಣ್. ಇನ್ನೊಂದು ಜಾರಿತು. ಟಿಣ್. ಕುತ್ತಿಗೆಯ ಹಿಂದೆ ದಾರ ಸಡಿಲವಾಗುವುದು ಸುಮಿತ್ರಾಗೆ ಗೊತ್ತಾಗುತ್ತಿತ್ತು. ಅಮ್ಮ ಎದುರಿಗೇ ನಿಂತಿದ್ದಾರೆ. ಜಡೆ ಈಗ ಬಿದ್ದರೆ ಎಲ್ಲರೆದುರು ಬಿದ್ದ ಹಾಗೆ. ಅವಳು ಕಣ್ಣನ್ನಷ್ಟೇ ಹೊರಳಿಸಿ ಅಜ್ಜಿಯನ್ನು ನೋಡಿದಳು.

ಹಿಂದಿನಿಂದ ಒಂದು ಕೈ ಬಂದು ಜಡೆಯ ಬುಡವನ್ನು ಗಪ್ಪನೆ ಹಿಡಿದುಕೊಂಡಿತು.

ಕ್ಲಿಕ್.

ಆಮೇಲಿನ ದಿನಗಳಲ್ಲಿ ಆ ಎರಡು ಕೋಣೆಯ ಮನೆಯಲ್ಲಿ ಎಲ್ಲರೂ ಬಲು ಎಚ್ಚರಿಕೆಯಿಂದ ಓಡಾಡಿದರು. ಸುಮಿತ್ರಾ ಮತ್ತು ಅಜ್ಜಿ ಬೆಳಗಿನ ಜಾವ ಬಚ್ಚಲಿಗೆ ಹೋಗಿ ಒಬ್ಬರ ತಲೆಯನ್ನು ಒಬ್ಬರು ಕಟ್ಟಿಕೊಡುತ್ತಿದ್ದರು. ಈ ಅಜ್ಜಿ-ಮೊಮ್ಮಗಳಿಗೆ ಅದೆಷ್ಟು ಮುಖ ತೊಳೆಯುವ ಹುಚ್ಚು ಎಂದು ಅಪ್ಪ ಬಾಗಿಲ ಹೊರಗೆ ನಿಂತು ಗೊಣಗುತ್ತಿದ್ದರು. ಮನೆಯಲ್ಲಿ ಯಾರಿಗೂ ಕಾಣದ ಹಾಗೆ ತಲೆ ಬಾಚಿಕೊಳ್ಳಬೇಕಿಲ್ಲದವರು ಅಮ್ಮ ಒಬ್ಬರೇ.

ಅಜ್ಜಿ ಊರಿಗೆ ಹೊರಡುವ ದಿನ ಫೋಟೋ ಬಂತು. ಅಮ್ಮ ಅದನ್ನು ಬಾಗಿಲಿಗೆ ತಂದು ಶೀಲಾವತಿಗೆ ತೋರಿಸಿ ಪಿಸುಗುಟ್ಟಿದರು. “ಅತ್ತೆಗೆ ಕೊನೆವರೆಗೂ ಗೊತ್ತೇ ಆಗಲಿಲ್ಲ ಕಣ್ರೀ!” ಹಾಗೆನ್ನುವಾಗ ಅವರ ಮುಖ ಪರೀಕ್ಷೆ ಪಾಸಾದ ಹುಡುಗಿಯ ಮುಖದಂತಿತ್ತು.

ಆಮೇಲೆ ಫೋಟೋವನ್ನು ಹತ್ತಿರ ಹಿಡಿದು ನೋಡಿದರು. ಮುಂದೆ ಸುಮಿತ್ರಾ, ಹುಬ್ಬೇರಿಸಿಕೊಂಡು ಕೂತಿದ್ದಾಳೆ. ಹಿಂದಿನ ಕನ್ನಡಿಯಲ್ಲಿ ಮೊಗ್ಗಿನ ಜಡೆ. ಜಡೆಯ ಬುಡದಲ್ಲಿ, ಬಳೆ ತೊಟ್ಟ ಒಂದು ಕೈ.

“ಈ ಕೈ ಯಾರದೇ?” ಎಂದರು ಅಮ್ಮ.

ಅಜ್ಜಿ ಟ್ರಂಕಿನ ಮೇಲೆ ಕೂತು ಸಾಮಾನು ಕಟ್ಟುತ್ತಿದ್ದರು. ಅವರ ಕೈ ನಿಂತಿತು. ಸುಮಿತ್ರಾ ಅವರ ಕಡೆ ನೋಡಲಿಲ್ಲ.

“ಅಜ್ಜೀದು. ಹೂವು ಜೋತುಬೀಳದ ಹಾಗೆ ಹಿಡ್ಕೊಂಡಿದ್ದು,” ಎಂದಳು.

“ನೋಡಿ, ಮೊಮ್ಮಗಳು ಅಂದ್ರೆ ಎಷ್ಟು ಪ್ರೀತಿ!” ಎಂದರು ಅಮ್ಮ ಶೀಲಾವತಿಗೆ.

ದಾದರ್ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಬಂದು ನಿಂತಿತ್ತು. ಅಪ್ಪ ಟ್ರಂಕನ್ನು ಒಳಗಿಡಲು ಹೋದರು. ಅಮ್ಮ ಬಗ್ಗಿ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿದರು. “ಏಳಮ್ಮಾ,” ಎಂದು ಅಜ್ಜಿಯೂ ಬಗ್ಗಿ ಸೊಸೆಯ ಭುಜ ಹಿಡಿದರು. ಆಗ ಗಾಳಿಗೆ ಸೆರಗು ಜಾರಿತು. ಹಿಂದೆ ನಿಂತಿದ್ದ ಸುಮಿತ್ರಾ ನೋಡಿದಳು. ತುರುಬು ಮೆಲ್ಲಗೆ ಎಡಕ್ಕೆ ವಾಲುತ್ತಿತ್ತು. ಅಮ್ಮ ಇನ್ನೇನು ತಲೆ ಎತ್ತಬೇಕು.

“ಅಜ್ಜೀ, ಹೋಗ್ಬೇಡ!” ಎಂದು ಸುಮಿತ್ರಾ ಹಾರಿ ಅಜ್ಜಿಯ ಕೊರಳಿಗೆ ಜೋತುಬಿದ್ದಳು. ಒಂದು ಕೈ ಕೊರಳಿಗೆ, ಇನ್ನೊಂದು ಕೈ ತುರುಬಿಗೆ. ಗಟ್ಟಿಯಾಗಿ ಹಿಡಿದುಕೊಂಡಳು.

“ಬಿಡೇ, ಗಾಡಿ ಹೊರಡತ್ತೆ!” ಎಂದರು ಅಮ್ಮ. ಅವರ ಕಣ್ಣೂ ಒದ್ದೆಯಾಗಿತ್ತು.

ಸುಮಿತ್ರಾ ಬಿಡಲಿಲ್ಲ. ಚನ್ನವ್ವನ ಕಾರ್ಡಿನಲ್ಲಿ ಉಳಿದಿದ್ದ ಆ ಒಂದು ಪಿನ್ನನ್ನು ಅವಳು ಫ್ರಾಕಿನ ತೋಳಿಗೆ ಸಿಕ್ಕಿಸಿಕೊಂಡೇ ಬಂದಿದ್ದಳು. ಅದನ್ನು ತೆಗೆದು ತುರುಬಿಗೆ ಚುಚ್ಚಿ, ಬೆರಳಿನಿಂದ ಒತ್ತಿದಳು.

“ಗಟ್ಟಿ ಆಯ್ತಾ?” ಎಂದು ಅಜ್ಜಿ ಅವಳ ಕಿವಿಯಲ್ಲಿ ಕೇಳಿದರು.

“ಆಯ್ತು.”

ಆಮೇಲೆಯೂ ಸುಮಿತ್ರಾ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಅಜ್ಜಿ ಹೋಗುವುದು ಅವಳಿಗೆ ನಿಜವಾಗಿಯೂ ಬೇಡವಾಗಿತ್ತು.

ಗಾಡಿ ಹೊರಟಿತು. ಕಿಟಕಿಯಿಂದ ಅಜ್ಜಿ ಕೈ ಬೀಸಿದರು, ಇನ್ನೊಂದು ಕೈಯನ್ನು ತಲೆಯ ಮೇಲಿನ ಸೆರಗಿನ ಮೇಲಿಟ್ಟುಕೊಂಡು. ಸ್ಟೇಷನ್ನಿನ ಸೇತುವೆ ಹತ್ತುವಾಗ ಗಾಳಿ ಜೋರಾಗಿ ಬೀಸಿತು. ಅಪ್ಪನ ಕೂದಲು ಎದ್ದು ನಿಂತಿತು, ಅಪ್ಪ ಅದನ್ನು ಒತ್ತಿ ಮಲಗಿಸಿದರು. ಅಮ್ಮ ಸುಮಿತ್ರಾಳ ಕೈ ಹಿಡಿದು ನಡೆಯುತ್ತಿದ್ದರು.

“ಈ ವಯಸ್ಸಲ್ಲೂ ಅತ್ತೆ ತುರುಬು ನೋಡಿದ್ಯಾ?” ಎಂದರು ಅಮ್ಮ. “ಎಷ್ಟು ದಪ್ಪ, ಎಷ್ಟು ಕಪ್ಪು!”

ಸುಮಿತ್ರಾ ಅಮ್ಮನ ಮುಖ ನೋಡಿದಳು. ಆಮೇಲೆ ಅವರ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

“ಹೂಂ ಅಮ್ಮ,” ಎಂದಳು. “ತುಂಬಾ ಚೆನ್ನಾಗಿದೆ.”